ಸಂಬಳ ಬರುವಾಗಲೇ ಸಾಲ ತೀರಿಸಿ

ಬೂವನಹಳ್ಳಿಯಿಂದ ದಿನಾ ಹಾಸನದ ಕಚೇರಿಗೆ ಹೋಗಿಬರುವವರಿರಲಿ, ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣದ ಶಾಲೆ, ಆಸ್ಪತ್ರೆ, ತಾಲ್ಲೂಕು ಕಚೇರಿಗಳಲ್ಲಿ ದುಡಿಯುವವರಿರಲಿ, ಅರವತ್ತು ಹತ್ತಿರ ಬಂದ ಸರ್ಕಾರಿ ನೌಕರರಿಗೆಲ್ಲ ಒಂದು ಮಾತು ಹೇಳಬೇಕು. ಬೀಳ್ಕೊಡುಗೆಯ ಊಟಕ್ಕೆ ಯಾರನ್ನೆಲ್ಲ ಕರೆಯಬೇಕು ಎಂದು ತಿಂಗಳುಗಟ್ಟಲೆ ಮೊದಲೇ ಪಟ್ಟಿ ಮಾಡುತ್ತೀರಿ. ಎಲ್ಲೆಲ್ಲಿ ಎಷ್ಟೆಷ್ಟು ಸಾಲ ಉಳಿದಿದೆ ಎಂಬ ಪಟ್ಟಿ ಮಾತ್ರ ಮಾಡುವುದಿಲ್ಲ. ಕೇಳಿದರೆ, "ರಿಟೈರ್ ಆದಮೇಲೆ ಒಟ್ಟಿಗೆ ದುಡ್ಡು ಬರುತ್ತಲ್ಲ, ತೀರಿಸಿದರಾಯಿತು" ಎನ್ನುತ್ತೀರಿ. ಆ ದುಡ್ಡಿಗೆ ಮಗಳ ಮದುವೆ, ಮಗನ ಸೈಟು, ಮನೆಯ ತಾರಸಿ ಎಲ್ಲವೂ ಆಗಲೇ ಸಾಲುಗಟ್ಟಿ ನಿಂತಿರುತ್ತವೆ. ಗಾಳಿ ಬಂದಾಗ ತೂರಿಕೋ ಅಂತ ಹಿರಿಯರು ಸುಮ್ಮನೆ ಹೇಳಲಿಲ್ಲ. ತಿಂಗಳ ಸಂಬಳ ಬರುತ್ತಿರುವಾಗಲೇ ಸಾಲ ತೀರಬೇಕು.

ಮೊದಲು ನಿಮ್ಮ ಸಂಬಳದ ಚೀಟಿ ಕೈಗೆತ್ತಿಕೊಳ್ಳಿ. ಕೈಗೆ ಬಂದ ಮೊತ್ತ ನೋಡಿ ಮಡಚಿಡಬೇಡಿ, ಕಟಾವಿನ ಸಾಲುಗಳನ್ನು ಓದಿ. ಕೆಜಿಐಡಿ ಸಾಲ, ಜಿಪಿಎಫ್ ಮುಂಗಡ, ಗೃಹ ನಿರ್ಮಾಣ ಮುಂಗಡ, ಹಬ್ಬದ ಮುಂಗಡ, ವಸತಿಗೃಹದ ಬಾಡಿಗೆ, ಹೀಗೆ ಒಂದೊಂದಕ್ಕೂ ಎಷ್ಟನೆಯ ಕಂತು ನಡೆಯುತ್ತಿದೆ, ಇನ್ನೆಷ್ಟು ಉಳಿದಿದೆ ಎಂದು ಬರೆದಿಡಿ. ನೌಕರರ ಪತ್ತಿನ ಸಹಕಾರ ಸಂಘದ ಸಾಲ ಇದ್ದರೆ ಅದನ್ನು ಬೇರೆಯೇ ಬರೆಯಿರಿ. ನನ್ನ ಸಂಬಳದಲ್ಲಿ ಹಿಡಿದು ಸಂಘಕ್ಕೆ ಕಟ್ಟಿ ಎಂದು ಸದಸ್ಯರು ಒಪ್ಪಿಗೆ ಬರೆದುಕೊಡಲು 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯಲ್ಲೇ ಅವಕಾಶವಿದೆ. ಸಾಲ ತೆಗೆಯುವ ಆತುರದಲ್ಲಿ ನೀವೂ ಸಹಿ ಹಾಕಿರುತ್ತೀರಿ, ಏನು ಬರೆದಿತ್ತೆಂದು ನೆನಪಿರುವುದಿಲ್ಲ. ಆ ಕಾಗದದ ಒಂದು ಪ್ರತಿ ಕೇಳಿ ಪಡೆಯಿರಿ. ಇನ್ನು ಬ್ಯಾಂಕು, ಚೀಟಿ, ಕೈಸಾಲ ಇವು ಸಂಬಳದ ಚೀಟಿಯಲ್ಲಿ ಕಾಣುವುದಿಲ್ಲ. ಅವನ್ನು ನೀವೇ ನೆನಪು ಮಾಡಿಕೊಂಡು ಸೇರಿಸಬೇಕು.

ಸಾಲ ಕೊಟ್ಟವರು ಕೋರ್ಟಿಗೆ ಹೋದರೆ ಸಂಬಳವೆಲ್ಲ ಜಪ್ತಿಯಾಗುತ್ತದೆ ಎಂದು ಹೆದರುವವರಿದ್ದಾರೆ, ಏನೂ ಆಗುವುದಿಲ್ಲ ಎಂದು ಉಡಾಫೆ ಮಾಡುವವರೂ ಇದ್ದಾರೆ. ಎರಡೂ ತಪ್ಪು. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮಿನ ಪ್ರಕಾರ ಸಂಬಳದ ಮೊದಲ 1,000 ರೂಪಾಯಿಯನ್ನು ಮುಟ್ಟುವಂತಿಲ್ಲ; ಉಳಿದದ್ದರಲ್ಲಿ ಮೂರರಲ್ಲಿ ಎರಡು ಪಾಲನ್ನೂ ಮುಟ್ಟುವಂತಿಲ್ಲ. ಲೆಕ್ಕಕ್ಕೆ ಬರುವ ಸಂಬಳ 40,000 ರೂಪಾಯಿ ಅಂದುಕೊಳ್ಳಿ. ಸಾವಿರ ತೆಗೆದರೆ 39,000, ಅದರ ಮೂರನೇ ಒಂದು ಪಾಲು 13,000. ತಿಂಗಳಿಗೆ ಅಷ್ಟನ್ನು ಹಿಡಿಯಬಹುದು, 27,000 ನಿಮಗೆ ಉಳಿಯುತ್ತದೆ. ಒಂದೇ ಡಿಕ್ರಿಗೆ ಒಟ್ಟು 24 ತಿಂಗಳು ಹಿಡಿದ ಮೇಲೆ ಆ ಡಿಕ್ರಿಗಾಗಿ ಮತ್ತೆ ಸಂಬಳಕ್ಕೆ ಕೈಹಾಕುವಂತಿಲ್ಲ. ಕೋರ್ಟಿನ ಆದೇಶ ಬರುವುದು ನಿಮ್ಮ ಕಚೇರಿಯ ಬಟವಾಡೆ ಅಧಿಕಾರಿಗೆ. ಅವರು ಹಿಡಿಯಲೇಬೇಕು, ಅವರ ಮೇಲೆ ಸಿಟ್ಟು ಮಾಡಿಕೊಂಡು ಫಲವಿಲ್ಲ. ಹೆಂಡತಿ ಮಕ್ಕಳ ಜೀವನಾಂಶದ ಡಿಕ್ರಿಯಾದರೆ ಲೆಕ್ಕ ತಿರುಗುತ್ತದೆ: ಆಗ ನಿಮಗೆ ಉಳಿಯುವುದು ಮೂರನೇ ಒಂದು ಪಾಲು ಮಾತ್ರ.

ನಿವೃತ್ತಿಯಾದ ಮೇಲೆ ಸಂಬಳವೇ ಇಲ್ಲ, ಹಿಡಿಯುವ ಮಾತೂ ಇಲ್ಲ. ಪಿಂಚಣಿಗೆ 1871ರ ಪಿಂಚಣಿ ಕಾಯ್ದೆಯ 11ನೇ ಕಲಮಿನ ಬೇಲಿ ಇದೆ. ಸಾಲ ಕೊಟ್ಟವರ ಮಾತು ಕೇಳಿ ಸಿವಿಲ್ ಕೋರ್ಟು ಅದನ್ನು ಜಪ್ತಿ ಮಾಡುವಂತಿಲ್ಲ. ಸರ್ಕಾರಿ ಪಿಂಚಣಿದಾರರ ಗ್ರಾಚುಯಿಟಿಗೂ 60ನೇ ಕಲಮಿನಲ್ಲೇ ರಕ್ಷಣೆಯಿದೆ. ನಿವೃತ್ತಿಯ ಹಣವನ್ನು ಬ್ಯಾಂಕಿನಲ್ಲಿ ಠೇವಣಿ ಇಟ್ಟರೂ ಆ ರಕ್ಷಣೆ ಹೋಗುವುದಿಲ್ಲ ಎಂದು ರಾಧೇಶ್ಯಾಮ್ ಗುಪ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದ್ದರಿಂದ ಆ ಹಣಕ್ಕೆ ಬೇರೆ ಖಾತೆಯೇ ಇರಲಿ. ಆಲೂಗಡ್ಡೆ ಮಾರಿದ ದುಡ್ಡು, ಮನೆ ಬಾಡಿಗೆ ಎಲ್ಲವನ್ನೂ ಅದರೊಳಗೆ ಕಲಸಿ, ಆಮೇಲೆ ಯಾವುದು ಯಾವುದೆಂದು ತೋರಿಸಲಾಗದೆ ಒದ್ದಾಡಬೇಡಿ. 2006ರ ಏಪ್ರಿಲ್ 1ರಿಂದ ಈಚೆಗೆ ಸೇರಿದ ಎನ್‌ಪಿಎಸ್‌ನವರ ವ್ಯವಸ್ಥೆ ಬೇರೆ, ಅವರು ತಮ್ಮ ಲೆಕ್ಕವನ್ನು ಬೇರೆಯಾಗಿಯೇ ವಿಚಾರಿಸಿಕೊಳ್ಳಲಿ.

ಈಗ ಮುಖ್ಯ ಮಾತಿಗೆ ಬರುತ್ತೇನೆ, ಸ್ವಲ್ಪ ಗಮನವಿಟ್ಟು ಕೇಳಿ. ನಿಮ್ಮ ಪಿಂಚಣಿಗೆ ಬೇಲಿ ಇದೆ. ನಿಮಗೆ ಜಾಮೀನು ನಿಂತ ಸಹೋದ್ಯೋಗಿಯ ಸಂಬಳಕ್ಕೆ ಆ ಬೇಲಿ ಇಲ್ಲ. ಕರಾರು ಕಾಯ್ದೆಯ 128ನೇ ಕಲಮಿನ ಪ್ರಕಾರ, ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, ಜಾಮೀನುದಾರನ ಹೊಣೆ ಸಾಲಗಾರನಷ್ಟೇ. ನೀವು ಕಂತು ನಿಲ್ಲಿಸಿದರೆ ಸಂಘದವರು ಇನ್ನೂ ಹತ್ತು ವರ್ಷ ಸರ್ವಿಸ್ ಇರುವ ಆ ಹುಡುಗನ ಸಂಬಳಕ್ಕೆ ಹೋಗುತ್ತಾರೆ. ಟೀ ಕುಡಿಯುವ ಹೊತ್ತಿನಲ್ಲಿ "ಒಂದು ಸಹಿ ಹಾಕಪ್ಪ" ಎಂದು ಕೇಳಿದ್ದು ನೀವು, ಅವನ ಮಕ್ಕಳ ಫೀಸಿನ ದುಡ್ಡು ಹೋಗುವುದು ಅಲ್ಲಿ. ಕಾಯ್ದೆ ನಿಮ್ಮನ್ನು ಕಾಯುತ್ತದೆ ಎಂದು ನ್ಯಾಯವಾದ ಸಾಲವನ್ನು ಮುಳುಗಿಸುವುದು ಮರ್ಯಾದಸ್ಥರ ಲಕ್ಷಣವಲ್ಲ. ನಿವೃತ್ತಿಗೆ ಮೊದಲು ಜಾಮೀನಿರುವ ಸಾಲವನ್ನೇ ಎಲ್ಲಕ್ಕಿಂತ ಮುಂಚೆ ತೀರಿಸಿ. ಹಾಗೆಯೇ ನೀವು ಯಾರ್ಯಾರಿಗೆ ಜಾಮೀನು ನಿಂತಿದ್ದೀರಿ ಎಂಬುದನ್ನೂ ಬರೆದಿಡಿ. ಸಾಲಗಾರ ಸುಮ್ಮನಿದ್ದರೂ ಸಾಕ್ಷಿಗಾರ ಸುಮ್ಮನಿರ ಎಂಬ ಗಾದೆ ನಿಮಗೂ ಅನ್ವಯಿಸುತ್ತದೆ.

ಇನ್ನೊಂದು ಕೆಟ್ಟ ಚಾಳಿ ಇದೆ, ಅದಕ್ಕೆ ಬೈಯಲೇಬೇಕು. ಕೈಸಾಲಕ್ಕೆ ಎಟಿಎಂ ಕಾರ್ಡನ್ನೇ ಒತ್ತೆ ಇಡುವುದು. ಬಡ್ಡಿಗೆ ಸಾಲ ಕೊಡುವವನ ಕೈಯಲ್ಲಿ ರಬ್ಬರ್ ಬ್ಯಾಂಡ್ ಹಾಕಿದ ಒಂದು ಕಟ್ಟು ಕಾರ್ಡು, ಒಂದೊಂದರ ಹಿಂದೆಯೂ ಚೀಟಿ ಅಂಟಿಸಿ ಬರೆದ ಗುಟ್ಟಿನ ಸಂಖ್ಯೆ. ಪಿಂಚಣಿ ಬಿದ್ದ ದಿನ ಬಡ್ಡಿಯವನು ತಾನೇ ಹಣ ತೆಗೆದು, ಮಿಕ್ಕಿದ್ದನ್ನು ನಿಮ್ಮ ಕೈಗೆ ಹಾಕುತ್ತಾನೆ. ಕೋರ್ಟು ಮುಟ್ಟಲಾಗದ ಹಣವನ್ನು ನೀವೇ ಒಪ್ಪಿಸಿ ಬಂದಂತಾಯಿತು. ಮುಂದೆ ಬರುವ ಪಿಂಚಣಿಯನ್ನು ಇನ್ನೊಬ್ಬರಿಗೆ ಬರೆದುಕೊಟ್ಟರೂ ಆ ಕಾಗದಕ್ಕೆ ಬೆಲೆಯಿಲ್ಲ ಎಂದು ಪಿಂಚಣಿ ಕಾಯ್ದೆಯ 12ನೇ ಕಲಮು ಹೇಳುತ್ತದೆ. ಮಿತಿಮೀರಿದ ಬಡ್ಡಿಯನ್ನು ನಿಷೇಧಿಸುವ ಕಾಯ್ದೆ ನಮ್ಮ ರಾಜ್ಯದಲ್ಲಿ 2004ರಿಂದಲೇ ಇದೆ. ಕಾರ್ಡು ಕೊಟ್ಟಿದ್ದರೆ ಇವತ್ತೇ ಬ್ಯಾಂಕಿಗೆ ಹೋಗಿ ಅದನ್ನು ನಿಲ್ಲಿಸಿ, ಹೊಸದು ಪಡೆಯಿರಿ. ಸಹಿ ಮಾಡಿದ ಖಾಲಿ ಚೆಕ್ಕು, ಬರೆಯದ ಪ್ರೋನೋಟು ಯಾರ ಕೈಗೂ ಕೊಡಬೇಡಿ. ಆದರೆ ಸಾಲದ ಅಸಲನ್ನು ತೀರಿಸುವ ದಾರಿಯನ್ನೂ ಜೊತೆಗೇ ಮಾತಾಡಿ.

ಸರ್ಕಾರವೇ ವಸೂಲಿಗೆ ಬಂದರೆ? ನಿಜವಾದ ಬಾಕಿಯಾದರೆ ಕಟ್ಟಿ, ಅದರಲ್ಲಿ ಎರಡು ಮಾತಿಲ್ಲ. ಸೇವೆಯಲ್ಲಿದ್ದಾಗ ನಷ್ಟ ಮಾಡಿದ್ದು ವಿಚಾರಣೆಯಲ್ಲಿ ಸಾಬೀತಾದರೆ ಪಿಂಚಣಿಯಿಂದ ಹಿಡಿಯುವ ಅಧಿಕಾರ ಕರ್ನಾಟಕ ನಾಗರಿಕ ಸೇವಾ ನಿಯಮಗಳ 214ನೇ ನಿಯಮದಲ್ಲಿದೆ. ಆದರೆ ಕಚೇರಿ ತಾನೇ ತಪ್ಪಾಗಿ ಹೆಚ್ಚು ವೇತನ ಕೊಟ್ಟು, ನೀವು ಮನೆಗೆ ಹೋದಮೇಲೆ ವಾಪಸ್ ಕೇಳುವುದು ಬೇರೆ ವಿಷಯ. 2014ರ ಡಿಸೆಂಬರ್‌ನಲ್ಲಿ ರಫೀಕ್ ಮಸೀಹ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ನಿವೃತ್ತರಿಂದ, ಒಂದು ವರ್ಷದೊಳಗೆ ನಿವೃತ್ತರಾಗುವವರಿಂದ, ಮೂರನೆ ಮತ್ತು ನಾಲ್ಕನೆ ದರ್ಜೆಯ ನೌಕರರಿಂದ ಅಂಥ ಹಣ ವಸೂಲು ಮಾಡಬಾರದು ಎಂದಿತು. ಅಷ್ಟಕ್ಕೇ ಹಿಗ್ಗಬೇಡಿ. ಹೆಚ್ಚು ಬಂದಿದ್ದರೆ ಹಿಂದಿರುಗಿಸುತ್ತೇನೆ ಎಂದು ಮುಚ್ಚಳಿಕೆ ಬರೆದುಕೊಟ್ಟಿದ್ದವರಿಂದ ವಸೂಲು ಮಾಡಬಹುದು ಎಂದು 2016ರಲ್ಲಿ ಜಗದೇವ್ ಸಿಂಗ್ ಪ್ರಕರಣದಲ್ಲಿ ಅದೇ ಕೋರ್ಟು ಹೇಳಿದೆ. ವೇತನ ಪರಿಷ್ಕರಣೆಯ ಹೊತ್ತಿನಲ್ಲಿ ಗುಮಾಸ್ತರು ಮುಂದಿಟ್ಟ ಕಾಗದಕ್ಕೆಲ್ಲ ಓದದೆ ಸಹಿ ಹಾಕುತ್ತೀರಲ್ಲ, ಅದಕ್ಕೇ ಹೇಳುವುದು: ಓದಿ, ಪ್ರತಿ ಇಟ್ಟುಕೊಳ್ಳಿ.

ನೋಟಿಸು ಬಂದರೆ ಅದನ್ನು ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿ ಮರೆಯಬೇಡಿ. ಬಂದ ತಾರೀಖು ಬರೆದಿಡಿ, ಗಡುವಿನೊಳಗೆ ಬರವಣಿಗೆಯಲ್ಲೇ ಉತ್ತರಿಸಿ, ಸ್ವೀಕೃತಿ ಪಡೆಯಿರಿ. ಹಾಸನದ ನ್ಯಾಯಾಲಯದ ಆವರಣದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ, ತಾಲ್ಲೂಕುಗಳಲ್ಲೂ ಸಮಿತಿಗಳಿವೆ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ನೋಡದೆ ಉಚಿತವಾಗಿ ವಕೀಲರನ್ನು ಕೊಡುತ್ತಾರೆ. ಕಂತು ಮಾಡಿಕೊಂಡು ರಾಜಿಯಾಗುವುದಿದ್ದರೆ ಲೋಕ ಅದಾಲತ್ ಒಳ್ಳೆಯ ಜಾಗ.

ಸಾಲ ಕೊಟ್ಟವರಿಗೂ, ಸಂಘ ನಡೆಸುವವರಿಗೂ ಒಂದು ಮಾತು. ಸದಸ್ಯರ ನಿವೃತ್ತಿಯ ತಾರೀಖು ನೋಡಿ ಕಂತು ಕಟ್ಟಿಕೊಡಿ. ಎರಡು ವರ್ಷ ಸರ್ವಿಸ್ ಇರುವವರಿಗೆ ಐದು ವರ್ಷದ ಸಾಲ ಕೊಟ್ಟು ಆಮೇಲೆ ಮನೆ ಬಾಗಿಲಲ್ಲಿ ಕೂಗಾಡಬೇಡಿ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿ ಏನು ಬಂತು? ಕೈಸಾಲಕ್ಕೆ ದಾವೆ ಹೂಡಲು ಸಾಮಾನ್ಯವಾಗಿ ಮೂರೇ ವರ್ಷ ಎಂಬುದೂ ನೆನಪಿರಲಿ.

ಕೊನೆಗೆ, ಮನೆಯವರಿಂದ ಏನನ್ನೂ ಮುಚ್ಚಿಡಬೇಡಿ. ನೀವು ಇಲ್ಲದ ಕಾಲಕ್ಕೆ ವಾರಸುದಾರರ ಹೊಣೆ ನಿಮ್ಮಿಂದ ಬಂದ ಆಸ್ತಿಯಷ್ಟಕ್ಕೇ ಎಂದು ಕಾಯ್ದೆ ಹೇಳುತ್ತದೆ. ಆದರೆ ಪಟ್ಟಿಯೇ ಇಲ್ಲದಿದ್ದರೆ ಬಂದವರೆಲ್ಲ ಹೇಳಿದ್ದೇ ಸಾಲವಾಗುತ್ತದೆ. ಈ ಭಾನುವಾರ ಒಂದು ನೋಟ್‌ಬುಕ್ ತೆಗೆಯಿರಿ, ಯಾರಿಗೆ, ಎಷ್ಟು, ಯಾವಾಗಿನಿಂದ, ಜಾಮೀನು ಯಾರು ಎಂದು ಬರೆದು ಮನೆಯವರಿಗೆ ಓದಿ ಹೇಳಿ. ಸೋಮವಾರ ಸಂಘಕ್ಕೂ ಬ್ಯಾಂಕಿಗೂ ಹೋಗಿ ಬಾಕಿಯ ಲೆಕ್ಕ ಬರೆಸಿಕೊಳ್ಳಿ. ತೀರಿದ ಪ್ರತಿ ಸಾಲಕ್ಕೂ ಬೇಬಾಕಿ ಪತ್ರ ಪಡೆದು, ಪಿಂಚಣಿ ಕಾಗದಗಳ ಜೊತೆಗೇ ಜೋಪಾನ ಮಾಡಿ. ಇಷ್ಟು ಮಾಡಿದರೆ ಬೀಳ್ಕೊಡುಗೆಯ ದಿನ ಜಾಮೀನು ನಿಂತ ಹುಡುಗನ ಕೈಯಿಂದಲೇ ನೀವು ಹಾರ ಹಾಕಿಸಿಕೊಳ್ಳಬಹುದು.