ಆಲೆಮನೆಗೆ ಎರಡನೇ ಸಲ ಹೋದಾಗ

ಮಂಡ್ಯ ಕಡೆಯ ಆಲೆಮನೆಯೊಂದರ ಮೇಲೆ ನಾನು ಬರೆದ ಮೊದಲ ಪ್ರಬಂಧ ವಾಪಸ್ ಬಂತು. ‘ರಮಣೀಯ’, ‘ಘಮಘಮ’, ‘ಮನಮೋಹಕ’ ಎಂಬಲ್ಲೆಲ್ಲ ಸಂಪಾದಕರು ಗೆರೆ ಎಳೆದಿದ್ದರು. ಅಂಚಿನಲ್ಲಿ ಒಂದೇ ಪ್ರಶ್ನೆ: ‘ಯಾವ ವಾಸನೆ?’ ಬೆಲ್ಲದ ವಾಸನೆ ಎನ್ನೋಣವೆಂದರೆ ಅದು ಅಂಗಡಿಯಲ್ಲೂ ಇದೆ. ನನ್ನ ಬಳಿ ಉತ್ತರವಿರಲಿಲ್ಲ.

ಮತ್ತೆ ಹೋದೆ. ಈ ಸಲ ಸುತ್ತಾಡದೆ ಒಂದೇ ಕೊಪ್ಪರಿಗೆಯ ಪಕ್ಕ ಕೂತೆ. ಗಾಣದಿಂದ ಬಂದ ಕಬ್ಬಿನ ಹಾಲು ಹಸಿರು ಬೆರೆತ ಬೂದು ಬಣ್ಣದ್ದು. ಬಿಸಿಯೇರುವಾಗ ಕೊಯ್ದ ಹುಲ್ಲಿನ ವಾಸನೆ. ಸುಣ್ಣದ ನೀರು ಬಿದ್ದ ಮೇಲೆ ಕಪ್ಪು ಕೊಳೆ ತೇಲಿ ಬಂತು, ಜಾಲರಿಯಲ್ಲಿ ಬಾಚಿ ತೆಗೆದರು. ಹಸಿ ವಾಸನೆ ಅಲ್ಲಿಗೆ ಹೋಯಿತು. ಆಮೇಲೆ ನೊರೆ ಅಂಚಿನವರೆಗೂ ಉಕ್ಕಿತು. ನಾಲ್ಕು ಹನಿ ಹರಳೆಣ್ಣೆ ಬಿದ್ದದ್ದೇ ತಡ, ಇಳಿಯಿತು. ಕುದಿಯುವ ಸದ್ದು ಕೂಡ ದಪ್ಪಗಾಯಿತು. ಸುಟ್ಟ ಸಕ್ಕರೆಯ ಅಂಚಿಗೆ ಬಂದು ನಿಂತಂಥ ವಾಸನೆ ಬಂದದ್ದು ಕಟ್ಟಕಡೆಗೆ. ಘಮಘಮ ಎಂದು ನಾನು ಒಂದೇ ಪದದಲ್ಲಿ ಮುಗಿಸಿದ್ದು ಇದನ್ನೆಲ್ಲ.

ಪಾಕ ಬರುವುದು ಸುಮಾರು 118 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಪಾಕ ನೋಡುವ ಹಿರಿಯರ ಕೈಯಲ್ಲಿದ್ದದ್ದು ಒಂದು ಕಡ್ಡಿ, ಒಂದು ಚೊಂಬು ನೀರು. ಕಡ್ಡಿಯ ತುದಿಯ ಪಾಕವನ್ನು ನೀರಿಗೆ ಬಿಟ್ಟು, ಎರಡು ಬೆರಳಲ್ಲಿ ಉಂಡೆ ಮಾಡಿ ನೋಡಿದರು. ‘ಇನ್ನೊಂದ್ ಕುದಿ ಬರ್ಲಿ ಕಣವ್ವ’ ಎಂದರು. ಆ ಬೆರಳುಗಳನ್ನೇ ನಾನು ಮೊದಲ ಸಲ ನೋಡಿರಲಿಲ್ಲ.

ಮನೆಗೆ ಬಂದು ಕುವೆಂಪು ಅವರ ‘ಮಲೆನಾಡಿನ ಚಿತ್ರಗಳು’ (1933) ತೆಗೆದೆ. ಅಲ್ಲಿ ಜನ ನಡೆಯುತ್ತಾರೆ, ಬೇಟೆಗೆ ಹೋಗುತ್ತಾರೆ, ಹರಟುತ್ತಾರೆ. ಕಾಡು ಅವರ ಜೊತೆಜೊತೆಗೇ ಕಾಣುತ್ತ ಹೋಗುತ್ತದೆ. ನನ್ನ ಪ್ರಬಂಧದಲ್ಲಿ ಯಾರೂ ಏನೂ ಮಾಡುತ್ತಿರಲಿಲ್ಲ. ಹಾಗಾಗಿ ಬಣ್ಣನೆಯ ಪದ ಹುಡುಕುವುದು ಬಿಟ್ಟು ಕ್ರಿಯಾಪದ ಹುಡುಕಿದೆ: ಉಕ್ಕು, ಬಾಚು, ಇಳಿ, ಒತ್ತು. ಮೊದಲ ಪ್ರಬಂಧದಲ್ಲಿ ಆ ಕಡೆಯ ಕಬ್ಬಿಗೆ ನೀರು ಕೊಡುವ ಕನ್ನಂಬಾಡಿ ಕಟ್ಟೆ, ವಿಶ್ವೇಶ್ವರಯ್ಯ ನಾಲೆಯ ಚರಿತ್ರೆಗೆ ಎರಡು ಪುಟ ಕೊಟ್ಟಿದ್ದೆ. ಓದಿ ಕೂಡಿಟ್ಟ ವಿಷಯ, ತೆಗೆಯಲು ಸಂಕಟವಾಯಿತು. ಆದರೂ ತೆಗೆದೆ, ಕೊಪ್ಪರಿಗೆ ಪಕ್ಕ ಕೂತವಳಿಗೆ ನಾಲೆ ಕಾಣುವುದಿಲ್ಲ.

ಹೊಸ ಕರಡನ್ನು ಆ ಹಿರಿಯರಿಗೇ ಓದಿ ಹೇಳಿದೆ. ‘ಎಣ್ಣೆ ಬಿದ್ದೊಡನೆ ನೊರೆ ಅಡಗುತ್ತದೆ’ ಎಂಬಲ್ಲಿ ಕೈ ಎತ್ತಿದರು.

‘ಅಡಗದಲ್ಲ ಕಣವ್ವ. ನೊರೆ ಕೂತ್ಕತದೆ.’

ಅಲ್ಲೇ ಪೆನ್ನು ತೆಗೆದು ತಿದ್ದಿಕೊಂಡೆ.