ಸಸಿಮಡಿಗೆ ಹಳೆ ಕಿಟಕಿ: ಗಾಜಿಗಿಂತ ಪರದೆ ಮುಖ್ಯ

ಘೋಡಗೇರಿ, ಗೋಕಾಕ, ಮೂಡಲಗಿ ಕಡೆ ಹಳೆ ಮನೆ ಬಿಚ್ಚಿದಾಗ, 2019ರ ಆಗಸ್ಟಿನಲ್ಲಿ ಘಟಪ್ರಭೆಯ ನೆರೆಗೆ ಗೋಡೆ ಕುಸಿದಾಗ ಉಳಿದಂಥ ಕಟ್ಟಿಗೆಯ ಕಿಟಕಿಗಳು ಒಲೆಗೆ ಇಲ್ಲವೇ ಗುಜರಿಗೆ ಹೋಗುತ್ತವೆ. ಅವನ್ನು ಇಟ್ಟಂಗಿ ಪೆಟ್ಟಿಗೆಗೆ ಮುಚ್ಚಳ ಮಾಡಿ ಸಸಿ ಎಬ್ಬಿಸಬಹುದು. ಇದು ಯುರೋಪಿನ ತೋಟಗಳಲ್ಲಿ ಹಳೆಯ ಪದ್ಧತಿ. ಅಲ್ಲಿ ಗಾಜು ಸಸಿಯನ್ನು ಹಿಮದಿಂದ ಕಾಯುತ್ತದೆ. ನಮ್ಮಲ್ಲಿ ಹಿಮದ ಮಾತೇ ಇಲ್ಲ, ಕಾಟವೆಲ್ಲ ಬಿಳಿ ನೊಣದ್ದು. ಟೊಮ್ಯಾಟೊ, ಮೆಣಸಿನಗಿಡಕ್ಕೆ ಎಲೆ ಮುಟುರು ರೋಗದ ನಂಜು ಹಚ್ಚುವುದು ಅದೇ, ಎಳೆಯದರಲ್ಲೇ ನಂಜು ತಗುಲಿದ ಗಿಡ ಕಾಯಿ ಬಿಡುವುದು ಅಷ್ಟಕ್ಕಷ್ಟೆ. ಆದ್ದರಿಂದ ಗಾಜು ಒಡೆದ ಕಿಟಕಿಯನ್ನೇ ಮೊದಲು ಆರಿಸಿ, ಅದು ಅಗ್ಗಕ್ಕೂ ಸಿಗುತ್ತದೆ. ಚೂರುಗಳನ್ನು ಪೂರ್ತಿ ತೆಗೆದು 40ರಿಂದ 50 ಮೆಶ್‌ನ ನೈಲಾನ್ ಪರದೆ ಬಿಗಿಯಿರಿ. ಚೌಕಟ್ಟು ಇಟ್ಟಂಗಿಗೆ ಕೂಡುವಲ್ಲಿ ಸಂದು ಉಳಿದರೆ ಅಷ್ಟೂ ಕೆಲಸ ವ್ಯರ್ಥ. ಹಳೆ ಸೈಕಲ್ ಟ್ಯೂಬು ಸೀಳಿ ಅಂಚಿಗೆ ಹೊಡೆಯಿರಿ.

ಹಾಗಾದರೆ ಗಾಜು ಬೇಡವೇ? ಡಿಸೆಂಬರ್, ಜನವರಿಯಲ್ಲಿ ಬೇಕು, ಅದೂ ಕೆಲವು ದಿನ. ಮೆಣಸಿನ ಬೀಜ ಚೆನ್ನಾಗಿ ಮೊಳೆಯಲು 25ರಿಂದ 30 ಡಿಗ್ರಿ ಸೆಲ್ಸಿಯಸ್ ಕಾವು ಬೇಕು. ಬೇಸಿಗೆ ಬೆಳೆಗೆಂದು ಚಳಿಯಲ್ಲಿ ಹಾಕಿದ ಬೀಜ ತಡಮಾಡುವುದು ಇದಕ್ಕೇ. ಅದೇ ಅಳತೆಯ ಗಾಜಿನ ಕಿಟಕಿಯನ್ನು ಸಂಜೆ ಪರದೆಯ ಮೇಲೆ ಹೊದಿಸಿದರೆ ಹಗಲು ಮಣ್ಣು ಹೀರಿದ ಕಾವು ಬೇಗ ಆರುವುದಿಲ್ಲ. ಗಾಜಿಟ್ಟರೆ ಸಸಿ ಬೇಯುತ್ತದೆ ಎಂದು ಅನುಮಾನಿಸುವವರ ಮಾತು ಸುಳ್ಳಲ್ಲ. ಬಿಸಿಲೇರುವ ಮುಂಚೆ ತೆಗೆಯದಿದ್ದರೆ ಒಳಗೆ ಕುಲುಮೆಯೇ. ಗಾಜಿನ ಒಳಮೈಗೆ ಹನಿ ಕಟ್ಟಿ ತೇವ ನಿಂತರೆ ಸಸಿ ಕೊಳೆ ರೋಗವೂ ಬರುತ್ತದೆ: ಮಣ್ಣಿನ ಮಟ್ಟದಲ್ಲಿ ಕಾಂಡ ನೂಲಿನಷ್ಟು ಸಣಕಲಾಗಿ, ಹಸಿರೆಲೆ ಇದ್ದಂತೆಯೇ ಸಸಿ ಮಲಗುತ್ತದೆ. ಬೀಜ ಮೊಳೆತ ಮೇಲೆ ಗಾಜಿನ ಕೆಲಸ ಮುಗಿಯಿತು. ಎರೆ ಮಣ್ಣು ನೀರು ಹಿಡಿಯುವುದರಿಂದ ಪೆಟ್ಟಿಗೆಯ ತಳಕ್ಕೆ ಅರ್ಧ ಅಡಿ ಗರಸು ಹಾಕಿ ಎತ್ತರಿಸಿ. ಉತ್ತರದ ಗೋಡೆ ಒಂದೂವರೆ ಅಡಿ, ದಕ್ಷಿಣದ್ದು ಒಂದು ಅಡಿ ಇರಲಿ. ಚಳಿಗಾಲದ ಸೂರ್ಯ ದಕ್ಷಿಣಕ್ಕಿರುವುದರಿಂದ ಬಿಸಿಲು ಒಳಗೆ ಬೀಳುತ್ತದೆ, ಮಳೆನೀರು ಜಾರುತ್ತದೆ. ಬಿಜಾಗರಿ ಎತ್ತರದ ಕಡೆಗಿರಬೇಕು.

ಇದರಿಂದ ಎಷ್ಟು ಸಸಿ ಬಂದೀತು ಎಂಬ ಆಕ್ಷೇಪವೂ ಉಂಟು. ನಾಲ್ಕು ಅಡಿಗೆ ಮೂರು ಅಡಿಯ ಕಿಟಕಿಯ ಕೆಳಗೆ 98 ಕುಳಿಯ ಆರು ಟ್ರೇ ಕೂಡುತ್ತವೆ, ಅಂದರೆ 588 ಸಸಿ. 75 ಸೆಂ.ಮೀ.ಗೆ 45 ಸೆಂ.ಮೀ. ಅಂತರದಲ್ಲಿ ಹಚ್ಚಿದರೆ ಸುಮಾರು ಎರಡು ಗುಂಟೆಗೆ ಸಾಕು. ಎಕರೆಗಟ್ಟಲೆ ಹಚ್ಚುವವರು ನರ್ಸರಿಗೇ ಹೋಗಲಿ. ಆದರೆ ಮನೆಯಲ್ಲೇ ಬೀಜ ಕಟ್ಟಿಟ್ಟುಕೊಂಡ ಸಂಕೇಶ್ವರ ಮೆಣಸಿನಕಾಯಿಯಂಥ ತಳಿಯನ್ನು ನಾವೇ ಎಬ್ಬಿಸಬೇಕಲ್ಲ, ಅಂಥ ಬೀಜಕ್ಕೆ ಈ ಪೆಟ್ಟಿಗೆ. ಪ್ಲಾಸ್ಟಿಕ್ ಹಾಳೆಯ ಸುರಂಗ ಇನ್ನೂ ಅಗ್ಗ, ಒಪ್ಪಬೇಕಾದ್ದೇ. ಬಿಸಿಲಿಗೆ ಹರಿದಾಗಲೆಲ್ಲ ಹೊಸ ಹಾಳೆ ಕೊಳ್ಳಬೇಕು, ಗೆದ್ದಲು ಹಿಡಿಯದ ಕಟ್ಟಿಗೆಗೆ ಆ ಚಿಂತೆ ಇಲ್ಲ. ನಾಟಿಗೆ ಒಂದು ವಾರ ಮುಂಚೆ ನೀರು ಕಡಿಮೆ ಮಾಡಿ ಸಸಿಯನ್ನು ಗಟ್ಟಿ ಮಾಡಿ. ಪರದೆಯನ್ನು ಮಾತ್ರ ನಾಟಿಯ ದಿನದವರೆಗೂ ತೆಗೆಯಬೇಡಿ.