ಮಲಗೋ ಕೋಣೆಗೆ ಜಮಖಾನ: ಯಾವುದು, ಎಲ್ಲಿ?

ಆನ್‌ಲೈನ್ ಅಂಗಡಿಯಲ್ಲಿ ಬೆಡ್‌ರೂಮ್ ರಗ್ ಅಂತ ಹುಡುಕಿ ನೋಡ್ರಿ. ಕಾಲಿಟ್ಟರೆ ಬೆರಳು ಹೂತುಹೋಗುವ ಬಿಳಿ ಕಾರ್ಪೆಟ್, ಅದರ ಮೇಲೆ ದೊಡ್ಡ ಮಂಚ, ಮಂಚದ ಮೇಲೆ ಎಂಟು ದಿಂಬು. ಚಿತ್ರ ಚೆನ್ನಾಗೇ ಇದೆ. ಆದರೆ ಅದು ಚಳಿ ದೇಶದ ಮರದ ನೆಲಕ್ಕೆ ಹೊಂದುವ ಚಿತ್ರ. ನಮ್ಮದು ಕಲ್ಲಿನ ಅಥವಾ ಟೈಲ್ಸ್ ನೆಲ. ಬಳ್ಳಾರಿಯಲ್ಲಿ ಕಿಟಕಿ ತೆಗೆದರೆ ಕೆಂಧೂಳು. ಸಿರುಗುಪ್ಪ, ಕುರುಗೋಡು ಕಡೆ ಮಳೆ ಬಂದರೆ ಚಪ್ಪಲಿಗೆ ಅಂಟಿಕೊಂಡು ಮನೆಯೊಳಗೇ ಬರುವ ಎರೆಮಣ್ಣು. ಮೊದಲ ಸಂಬಳದಲ್ಲಿ ಮನೆಗೆ ಏನಾದರೂ ತರೋಣ ಅಂದುಕೊಂಡಿರುವ ಫೈನಲ್ ಇಯರ್‌ನವರು ಕಾರ್ಟಿಗೆ ಹಾಕುವ ಮುಂಚೆ ಸ್ವಲ್ಪ ಲೆಕ್ಕ ಹಾಕಬೇಕು.

ಮೊದಲು ಹೀಟ್ ಟ್ರಾನ್ಸ್‌ಫರ್. ಒಂದೇ ಕೋಣೆಯ ಗ್ರಾನೈಟ್ ನೆಲ ಮತ್ತು ಅದರ ಮೇಲಿನ ಜಮಖಾನ ಎರಡರ ಉಷ್ಣತೆಯೂ ಹೆಚ್ಚುಕಡಿಮೆ ಒಂದೇ. ಆದರೂ ಕಲ್ಲು ತಣ್ಣಗೆ, ಬಟ್ಟೆ ಬೆಚ್ಚಗೆ ಅನ್ನಿಸುತ್ತದೆ. ಕಾರಣ ಥರ್ಮಲ್ ಎಫ್ಯುಸಿವಿಟಿ: ಉಷ್ಣವಾಹಕತೆ, ಸಾಂದ್ರತೆ, ವಿಶಿಷ್ಟೋಷ್ಣ ಈ ಮೂರರ ಗುಣಲಬ್ಧದ ವರ್ಗಮೂಲ. ಎಸ್‌ಐ ಮಾನದಲ್ಲಿ ಗ್ರಾನೈಟಿಗೆ ಇದು ಸುಮಾರು 2400, ನಮ್ಮ ಚರ್ಮಕ್ಕೆ ಸುಮಾರು 1200, ಹತ್ತಿಯ ಜಮಖಾನಕ್ಕೆ 200ರ ಆಸುಪಾಸು. ಎರಡು ವಸ್ತು ತಾಗಿದ ಕ್ಷಣದ ಉಷ್ಣತೆ ಈ ಸಂಖ್ಯೆಗಳ ತೂಕದ ಸರಾಸರಿ. ಡಿಸೆಂಬರ್ ಬೆಳಗ್ಗೆ ನೆಲ 24 ಡಿಗ್ರಿ, ಪಾದ 33 ಡಿಗ್ರಿ ಅಂತ ಇಟ್ಟುಕೊಳ್ಳಿ. ಕಲ್ಲಿನ ಮೇಲೆ ಪಾದಕ್ಕೆ ತಾಗುವುದು 27, ಜಮಖಾನದ ಮೇಲೆ ಸುಮಾರು 32. ಪಾದ ಗುರುತಿಸೋದು ಈ 5 ಡಿಗ್ರಿಯನ್ನ.

ಇದೇ ಲೆಕ್ಕ ಬೇಸಿಗೆಗೆ ಉಲ್ಟಾ. ಬಳ್ಳಾರಿಯಲ್ಲಿ 40 ಡಿಗ್ರಿ ದಾಟುವ ದಿನಗಳಲ್ಲಿ ನೆಲಮಹಡಿಯ ಕಲ್ಲಿನ ನೆಲವೇ ಬಿಟ್ಟಿ ಕೂಲರ್. ಹಿರಿಯರು ಮಧ್ಯಾಹ್ನ ಬರೀ ಬಂಡೆಯ ಮೇಲೆ ಮಲಗೋದು ಸುಮ್ಮನೆ ಅಲ್ಲ. ಆ ಕೂಲರ್ ಮೇಲೆ ದಪ್ಪ ಕಾರ್ಪೆಟ್ ಮುಚ್ಚೋದಕ್ಕೆ ಯಾರಾದರೂ ಸಾವಿರಾರು ರೂಪಾಯಿ ಕೊಡ್ತಾರಾ? ಅಂದ್ರೆ ನಮಗೆ ಬೇಕಾದ್ದು ವರ್ಷದಲ್ಲಿ ಕೆಲವು ತಿಂಗಳು ಸುತ್ತಿ ಇಡಬಹುದಾದ ಹಾಸು.

ಇನ್ನು ಜಾಗದ ಲೆಕ್ಕ. ವಿದೇಶಿ ಗೃಹಾಲಂಕಾರ ಪತ್ರಿಕೆಗಳ ನಿಯಮ, ಮಂಚದ ಮೂರನೇ ಎರಡು ಭಾಗ ರಗ್ ಮೇಲೆ ಇರಬೇಕು ಅನ್ನೋದು. ನಮ್ಮ 10×12 ಅಡಿ ಕೋಣೆಗೆ ಇದನ್ನ ಹಾಕಿ ನೋಡೋಣ. ಡಬಲ್ ಮಂಚ 6 ಅಡಿ ಅಗಲ, ಆರೂಕಾಲು ಅಡಿ ಉದ್ದ. ತಲೆಭಾಗ 10 ಅಡಿಯ ಗೋಡೆಗೆ. 9×6 ಅಡಿಯ ರಗ್ಗನ್ನು ಅಡ್ಡಲಾಗಿ, ತಲೆಗೋಡೆಯಿಂದ 2 ಅಡಿ ಬಿಟ್ಟು ಹಾಸಿದರೆ ಒಟ್ಟು 54 ಚದರಡಿಯಲ್ಲಿ ಇಪ್ಪತ್ತೈದೂವರೆ ಮಂಚದ ಕೆಳಗೇ ಹೋಯಿತು. ಹತ್ತಿರ ಹತ್ತಿರ ಅರ್ಧ ದುಡ್ಡು ಯಾರೂ ಕಾಣದ, ಕಸಬರಿಗೆ ತಲುಪದ ಜಾಗದಲ್ಲಿ ಧೂಳು ಕುಡೀತಾ ಕೂತಿರುತ್ತದೆ. ತೊಳೆಯಬೇಕಾದಾಗ ಮಂಚ ಎತ್ತೋರು ಯಾರು?

ಮಂಚದ ಎರಡೂ ಪಕ್ಕ ಉಳಿಯೋದು ತಲಾ 2 ಅಡಿ. ಅಲ್ಲಿ ಒಂದೂಮುಕ್ಕಾಲು ಅಡಿ ಅಗಲದ, 4–5 ಅಡಿ ಉದ್ದದ ಪಟ್ಟಿ ಸಾಕು. ಕಾಲು ಇಳಿಯುವ ಜಾಗಕ್ಕೆ ಬಟ್ಟೆ, ಉಳಿದದ್ದು ಬರೀ ನೆಲ. ಹಾಸ್ಟೆಲಿನ 3 ಅಡಿ ಮಂಚಕ್ಕಾದರೆ ಒಂದೇ ಪಟ್ಟಿ. ಬೀರುವಿನ ಬಾಗಿಲು ಪೂರ್ತಿ ತೆಗೆದು ನೋಡಿ, ಅದು ಓಡಾಡುವ ಜಾಗ ಬಿಟ್ಟು ಹಾಸಿ. ಕೋಣೆಯ ಬಾಗಿಲ ಕೆಳಗಿನ ಸಂದಿಯನ್ನೂ ಅಳೆಯಿರಿ. ಹಳೇ ಪೇಪರನ್ನು ಅದೇ ಅಳತೆಗೆ ಅಂಟಿಸಿ ಎರಡು ದಿನ ನೆಲದ ಮೇಲೆ ಬಿಟ್ಟರೆ ಎಲ್ಲಿ ತೊಡಕಾಗುತ್ತದೆ ಅಂತ ತಾನೇ ಗೊತ್ತಾಗುತ್ತದೆ.

ಯಾವುದು ತರಬೇಕು? ನನ್ನ ಮತ ಚಪ್ಪಟೆ ನೇಯ್ಗೆಯ ಹತ್ತಿ ಜಮಖಾನಕ್ಕೆ. ನಮ್ಮ ಕಡೆ ಅದರ ದೊಡ್ಡ ಹೆಸರು ಧಾರವಾಡ ಜಿಲ್ಲೆಯ ನವಲಗುಂದ. ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಆ ಜಮಖಾನಗಳನ್ನು ಅಲ್ಲಿನ ಮುಸ್ಲಿಂ ಹೆಣ್ಣುಮಕ್ಕಳು ಮನೆಯಲ್ಲೇ, ನೆಟ್ಟಗೆ ನಿಲ್ಲಿಸಿದ ಮಗ್ಗದ ಮುಂದೆ ಕೂತು ನೇಯುತ್ತಾರೆ. ನವಿಲು, ಪಗಡೆ ಹಾಸಿನ ವಿನ್ಯಾಸ ಅದರ ಗುರುತು. ಹೊಕ್ಕಿನ ನೂಲನ್ನು ಬಡಿದು ಬಡಿದು ಎಷ್ಟು ಒತ್ತುತ್ತಾರೆ ಅಂದರೆ ಹಾಸಿನ ನೂಲು ಕಾಣೋದೇ ಇಲ್ಲ. ಮಗ್ಗ ಕೂರುವ ಮನೆಗಳು ಈಗ ಕಡಿಮೆ, ಕೆಲಸ ನಿಧಾನ, ಹಾಗಾಗಿ ಬೆಲೆ ಜಾಸ್ತಿ. ಅದೇ ಹೆಸರಲ್ಲಿ ಪ್ರಿಂಟ್ ಹೊಡೆದ ಪಾಲಿಯೆಸ್ಟರ್ ಮಾರುವವರೂ ಇದ್ದಾರೆ. ತಿರುವಿ ನೋಡಿ: ನೇಯ್ದ ವಿನ್ಯಾಸ ಎರಡೂ ಕಡೆ ಒಂದೇ ಥರ ಇರುತ್ತದೆ, ಪ್ರಿಂಟಿನದು ಹಿಂದೆ ಮಂಕು. ಒದ್ದೆ ಬಿಳಿ ಕರವಸ್ತ್ರದಿಂದ ಮೂಲೆ ಉಜ್ಜಿ ಬಣ್ಣ ಬಿಡುತ್ತಾ ಅಂತಲೂ ನೋಡಿಕೊಳ್ಳಿ. ಎರಡೂ ಕಡೆ ಬಳಸಬಹುದು ಅಂದ್ರೆ ಆಯುಷ್ಯವೂ ಹೆಚ್ಚು.

ಅಲ್ಲಿ ಜಾನಮಾಜ್ ಕೂಡ ನೇಯುತ್ತಾರೆ. ಅದು ನಮಾಜಿನ ಹಾಸು. ಚಂದ ಇದೆ ಅಂತ ತಂದು ಮಂಚದ ಪಕ್ಕ ತುಳಿಯೋಕೆ ಹಾಕಬೇಡಿ. ಕಂಬಳಿಗೂ ಇದೇ ಮಾತು. ಬಳ್ಳಾರಿ ಅನ್ನೋದು ಒಂದು ಕುರಿ ತಳಿಯ ಹೆಸರೂ ಹೌದು, ಅದರ ಉಣ್ಣೆ ಒರಟು. ಹುಣಸೆಬೀಜದ ಗಂಜಿ ಕುಡಿದ ಕರಿ ಕಂಬಳಿಗೆ ಒಳ್ಳೇ ಗಡಸು ಇರುತ್ತದೆ, ಹಾಸೋಕೆ ಆಸೆಯಾಗುತ್ತದೆ. ಆದರೆ ಕುರುಬರ ಮನೆಗಳಲ್ಲಿ ಕಂಬಳಿ ಅಂದರೆ ದೇವರ ಗದ್ದುಗೆ. ಮಲಗೋಕೆ, ಹೊದೆಯೋಕೆ ಸರಿ, ಕಾಲೊರೆಸೋಕೆ ಅಲ್ಲ.

ಬಜೆಟ್ ಇಲ್ಲ ಅನ್ನೋರಿಗೆ ನಮ್ಮೂರೇ ದಾರಿ ತೋರಿಸುತ್ತದೆ. ಬಳ್ಳಾರಿ ಜೀನ್ಸ್ ಹೊಲಿಯೋ ಊರು. ಹಳೇ ಜೀನ್ಸ್ ಕಾಲುಗಳನ್ನ ಬಿಚ್ಚಿ, ತುಂಡು ಜೋಡಿಸಿ, ಒಳಗೆ ಹಳೇ ಸೀರೆ ಇಟ್ಟು ಮಷೀನಲ್ಲಿ ಕೌದಿ ಥರ ಹೊಲಿಸಿ. ಕೈಸೂಜಿಗೆ ಡೆನಿಮ್ ಬಗ್ಗಲ್ಲ. ಎರಡೇ ಪದರ ಸಾಕು. ಒದ್ದೆಯಾದಾಗ ಬಕೆಟ್ಟಿಂದ ಒಬ್ಬರೇ ಎತ್ತಿ ಹಿಂಡೋಕೆ ಆಗಬೇಕು.

ಕೊನೆಗೆ ಉಳಿದದ್ದು ಎಲ್ಲಕ್ಕಿಂತ ಮುಖ್ಯ. ನುಣುಪು ಟೈಲ್ಸ್ ಮೇಲೆ ಹಗುರ ಹಾಸು ಜಾರುತ್ತದೆ. ಮನೆಯಲ್ಲಿ ಅಜ್ಜಿ ಇದ್ದರೆ, ರಾತ್ರಿ ದೀಪ ಹಾಕದೆ ಮಂಚದಿಂದ ಬಚ್ಚಲಿಗೆ ನಡೆಯೋ ದಾರಿ ಅವರಿಗೆ ಬಾಯಿಪಾಠ. ಆ ದಾರಿಗೆ ನಾವು ಹೊಸದಾಗಿ ಒಂದು ಅಂಚು ತಂದು ಹಾಕ್ತೀವಿ. ಈ ವಯಸ್ಸಲ್ಲಿ ಸೊಂಟದ ಮೂಳೆ ಮುರಿದರೆ ಎಷ್ಟೋ ಜನ ಮತ್ತೆ ಮೊದಲಿನ ಹಾಗೆ ನಡೆಯೋದೇ ಇಲ್ಲ. ಅಂಥ ಕೋಣೆಯಲ್ಲಿ ಬಚ್ಚಲ ದಾರಿ ಪೂರ್ತಿ ಖಾಲಿ ಇರಲಿ. ಮಂಚದ ಪಕ್ಕ ಬೇಕೇ ಬೇಕು ಅಂದ್ರೆ ಜಮಖಾನದಷ್ಟೇ ಅಳತೆಯ ಜಾಲರಿ ರಬ್ಬರ್ ಹಾಳೆ ಕೆಳಗೆ ಹಾಸಿ, ಕುಚ್ಚು ಕತ್ತರಿಸಿ ಅಂಚು ಮಡಚಿ ಹೊಲಿಸಿ. ಹಾಸಿದ ಮೇಲೆ ಹಿಮ್ಮಡಿಯಿಂದ ಜೋರಾಗಿ ತಳ್ಳಿ ನೋಡಿ. ಸರಿದರೆ ಆ ಕೋಣೆಗೆ ಅದು ಬೇಡ.

ಮಾರ್ಚಿನಲ್ಲಿ ಬಿಸಿಲಿಗೆ ಹಾಕಿ, ಕೋಲಿಂದ ಬಡಿದು, ಒಣಗಿದ ಬೇವಿನ ಎಲೆ ಇಟ್ಟು ಸುತ್ತಿ ಇಡಿ. ಮಡಚಬೇಡಿ, ಮಡಿಕೆ ಬಿದ್ದ ಕಡೆ ನೂಲು ಸವೆಯುತ್ತದೆ.